ಬಾಲ್ಯದ ಬೆವರು, ನಡುವಯಸ್ಸಿನ ಯಕೃತ್ತು



ಈ ಸಲದ ಅಧ್ಯಯನ ಪಾಠದ ವಿಷಯ ನಮಗೆ ಪುಸ್ತಕದಿಂದ ಸಿಕ್ಕಿದ್ದಲ್ಲ, ಪೋತ್ತನೂರಿನ ಒಂದು ಮನೆಯ ಜಗುಲಿಯ ಮೇಲೆ ಸಿಕ್ಕಿತು. ಆ ಮನೆಯ ಯಜಮಾನರು ತೆಂಗಿನಕಾಯಿ ವ್ಯಾಪಾರಸ್ಥರು. ಪೊಳ್ಳಾಚಿ ಕಡೆಯಿಂದ ಸರಕು ತರಿಸಿ ಮಾರುವವರು, ವಯಸ್ಸು ನಲವತ್ತೆರಡು. ಹೊಟ್ಟೆಯ ಬಲಭಾಗದಲ್ಲಿ ಭಾರವೆಂದು ವೈದ್ಯರಲ್ಲಿಗೆ ಹೋದರು. ಸ್ಕ್ಯಾನ್ ಮಾಡಿದಾಗ 'ಫ್ಯಾಟಿ ಲಿವರ್, ಎರಡನೇ ಗ್ರೇಡ್' ಎಂಬ ವರದಿ ಬಂತು. ವರದಿಯ ಕಾಗದವನ್ನು ಮನೆಯಲ್ಲಿ ಎಲ್ಲರೂ ಓದಿದರು, ಯಾರೂ ಏನೂ ಮಾತಾಡಲಿಲ್ಲ. ಎರಡು ದಿನದ ಮೇಲೆ ಹೆಣ್ಣು ಕೊಟ್ಟ ಮಾವನವರು ಬಂದು, ಅಳಿಯನನ್ನು ಪಕ್ಕಕ್ಕೆ ಕರೆದು, "ಯಾವಾಗಿನಿಂದ ಕುಡಿಯುತ್ತಿದ್ದೀರಿ?" ಎಂದು ಕೇಳಿದರಂತೆ.

ಅವರು ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ಕತ್ತಿನಲ್ಲಿ ಲಿಂಗ ಧರಿಸಿದ ಮನೆತನದಲ್ಲಿ ಈ ಪ್ರಶ್ನೆ ಎಷ್ಟು ನೋವಿನದು ಎಂಬುದನ್ನು ನಾವು ವಿವರಿಸಬೇಕಾಗಿಲ್ಲ. ಅಂದಿನಿಂದ ಅವರು ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ವೈದ್ಯರು ಹೇಳಿದ ಎರಡನೇ ಪರೀಕ್ಷೆಗೆ ಹೋಗಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ಕಂಡರೆ ಆ ಮಾತೇ ಊರೆಲ್ಲ ಹಬ್ಬೀತೆಂಬ ಅಂಜಿಕೆ. ಒಂದು ವರ್ಷ ಹೀಗೆ ಕಳೆದ ಮೇಲೆ ನಮ್ಮೊಡನೆ ಬಾಯಿ ಬಿಟ್ಟರು. ಇಂಥವರು ನಮ್ಮ ಓದುಗರಲ್ಲಿ ಅವರೊಬ್ಬರೇ ಇರಲಾರರು. ಆದಕಾರಣ ಈ ಪಾಠ.

ಮೊದಲು ಆ ಅಪವಾದವನ್ನು ಇತ್ಯರ್ಥಪಡಿಸೋಣ. ಮದ್ಯಪಾನದಿಂದ ಯಕೃತ್ತು ಕೆಡುವುದು ಹಳೆಯ ಸಂಗತಿ. ಆದರೆ 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಜರ್ಗನ್ ಲುಡ್ವಿಗ್ ಎಂಬ ವೈದ್ಯರೂ ಅವರ ಸಂಗಡಿಗರೂ 20 ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರ ಯಕೃತ್ತಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕುಡುಕರ ಯಕೃತ್ತಿನಂತೆಯೇ ಕಾಣುತ್ತಿತ್ತು, ಆದರೆ ಅವರು ಕುಡುಕರಲ್ಲ. ಅಲ್ಲಿಂದ 'ಮದ್ಯೇತರ' ಎಂಬ ವಿಶೇಷಣ ಸೇರಿಸಿ ಈ ಕಾಯಿಲೆಯನ್ನು ಕರೆಯುವ ರೂಢಿ ಬಂತು. 2023ರಲ್ಲಿ ಅಂತರರಾಷ್ಟ್ರೀಯ ಯಕೃತ್ ತಜ್ಞರ ಸಂಘಗಳು ಒಟ್ಟಾಗಿ ಆ ಹೆಸರನ್ನೂ ಬದಲಿಸಿ, ಶರೀರದ ಚಯಾಪಚಯ ಕೆಟ್ಟದ್ದರಿಂದ ಬರುವ ಯಕೃತ್ತಿನ ಕೊಬ್ಬು ರೋಗ ಎಂಬರ್ಥದ ಹೊಸ ಹೆಸರಿಟ್ಟವು. ಮದ್ಯದ ಮಾತು ಹೆಸರಿನಲ್ಲಿ ಇರುವವರೆಗೂ ರೋಗಿಗೆ ಕಳಂಕ ತಪ್ಪದು ಎಂಬುದೂ ಆ ಬದಲಾವಣೆಗೆ ಒಂದು ಕಾರಣ. ನಮ್ಮ ವ್ಯಾಪಾರಸ್ಥರ ಮಾವನವರಿಗೆ ಈ ವಿಷಯವನ್ನು ನಾವೇ ಹೋಗಿ ತಿಳಿಸಿ ಬಂದೆವು.

ಅಷ್ಟೇ ಅಲ್ಲ, ಇದು ಅಪರೂಪದ ಕಾಯಿಲೆಯೂ ಅಲ್ಲ. ನಮ್ಮ ದೇಶದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಲೆಕ್ಕ ಹಾಕಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು 38 ಮಂದಿಯ ಯಕೃತ್ತಿನಲ್ಲಿ ಹೆಚ್ಚಿನ ಕೊಬ್ಬು ಕಂಡುಬಂತು. ಅವುಗಳಲ್ಲಿ ಆಸ್ಪತ್ರೆಗೆ ಬಂದವರ ಲೆಕ್ಕವೂ ಸೇರಿರುವುದರಿಂದ ಈ ಅಂಕಿಯನ್ನು ಊರಿಗೆ ಊರೇ ಅನ್ವಯಿಸುವುದು ಸರಿಯಲ್ಲ. ಆದರೂ ಮೂವರಲ್ಲಿ ಒಬ್ಬರೆಂದಿಟ್ಟುಕೊಂಡರೂ ನಮ್ಮ ಒಂದೊಂದು ಮನೆಗೆ ಒಬ್ಬರಾದರು. ಭಾರತ ಸರ್ಕಾರ 2021ರಲ್ಲಿ ಈ ರೋಗವನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್‌ಗಳ ರಾಷ್ಟ್ರೀಯ ಕಾರ್ಯಕ್ರಮದೊಳಕ್ಕೆ ಸೇರಿಸಿಕೊಂಡಿತು.

ಈಗ ಯಕೃತ್ತಿನ ವ್ಯವಹಾರವನ್ನು ತಿಳಿಯೋಣ. ನಮ್ಮ ತಮಿಳು ನೆರೆಹೊರೆಯವರು ಕಲ್ಲೀರಲ್ ಎಂದು ಕರೆಯುವ ಈ ಅಂಗ ಬಲಪಕ್ಕೆಲುಬಿನ ಕೆಳಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ವ್ಯಾಪಾರಸ್ಥರಿಗೆ ಮಂಡಿಯ ಉದಾಹರಣೆಯೇ ಸುಲಭ. ಉಂಡ ಅನ್ನ, ಮುದ್ದೆ, ಸಕ್ಕರೆ ಎಲ್ಲವೂ ಜೀರ್ಣವಾಗಿ ಮೊದಲು ಬಂದು ಇಳಿಯುವುದು ಈ ಮಂಡಿಯಲ್ಲಿ. ಯಕೃತ್ತು ತನ್ನ ಬಳಿ ಸುಮಾರು 100 ಗ್ರಾಂನಷ್ಟು ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ದಾಸ್ತಾನಿಟ್ಟುಕೊಳ್ಳಬಲ್ಲದು. ದೊಡ್ಡ ಗಿರಾಕಿ ಯಾರೆಂದರೆ ನಮ್ಮ ಮಾಂಸಖಂಡಗಳು, ಅಂದರೆ ತೊಡೆ, ಬೆನ್ನು, ತೋಳು. ಅವು ಸುಮಾರು 400 ಗ್ರಾಂ ಇಟ್ಟುಕೊಳ್ಳುತ್ತವೆ, ಕೆಲಸ ಮಾಡಿದರೆ ಖರ್ಚು ಮಾಡಿ ಮತ್ತೆ ಕೊಳ್ಳುತ್ತವೆ. ಗಿರಾಕಿ ಬಾರದ ಮಂಡಿಯ ಗತಿ ಏನು? ಸರಕು ಇಳಿಯುವುದು ನಿಲ್ಲುವುದಿಲ್ಲ, ಏಕೆಂದರೆ ನಾವು ಹೊತ್ತು ಹೊತ್ತಿಗೆ ಉಣ್ಣುತ್ತಲೇ ಇರುತ್ತೇವೆ. ಆಗ ಯಕೃತ್ತು ಹೆಚ್ಚಾದ ಸಕ್ಕರೆಯನ್ನು ಕೊಬ್ಬಾಗಿ ಬದಲಿಸಿ ಒಳಗೇ ಪೇರಿಸುತ್ತದೆ. ಹೊಟ್ಟೆಯ ಕೊಬ್ಬಿನಿಂದಲೂ ಕೊಬ್ಬಿನಾಮ್ಲಗಳು ರಕ್ತದ ಮೂಲಕ ಬಂದು ಅಲ್ಲಿಯೇ ಸೇರುತ್ತವೆ. ಯಕೃತ್ತಿನ ತೂಕದ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಕೊಬ್ಬು ಸೇರಿದರೆ ಅದನ್ನು ಕಾಯಿಲೆ ಎನ್ನುತ್ತಾರೆ. ಬಹುಮಂದಿಯಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಉರಿಯೂತವಾಗಿ, ನಾರುಗಟ್ಟಿ, ಹತ್ತಾರು ವರ್ಷಗಳಲ್ಲಿ ಸಿರೋಸಿಸ್ ಎಂಬ ಹಂತಕ್ಕೆ ಮುಟ್ಟುತ್ತದೆ. ಸಕ್ಕರೆ ಕಾಯಿಲೆಯಂತೂ ಇದರ ಒಡಹುಟ್ಟು, ಒಂದು ಬಂದರೆ ಇನ್ನೊಂದು ದಾರಿ ಹುಡುಕಿಕೊಂಡು ಬರುತ್ತದೆ.

ನೋವಿಲ್ಲ, ಜ್ವರವಿಲ್ಲ, ಬಹುಕಾಲ ಏನೂ ಗೊತ್ತಾಗುವುದಿಲ್ಲ. ಅದೇ ಇದರ ಕೆಟ್ಟ ಗುಣ.

ಇಷ್ಟು ಓದಿದವರು, 'ಇದು ನಲವತ್ತು ದಾಟಿದವರ ಸಮಾಚಾರ, ತಲೆಬರಹದಲ್ಲಿ ಬಾಲ್ಯವನ್ನು ಏಕೆ ತಂದಿರಿ' ಎಂದು ಕೇಳಬಹುದು. ಅದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ, ಬೆಟ್ಟ ಇಳಿದರೆ ಮೈಸೂರು.

ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂಬುದಿದೆ, ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಒಂದೊಂದು ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಾ ಬಂದರು. ಏತಕ್ಕೆ ಉಪಯೋಗವಾದೀತೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅರವತ್ತು ವರ್ಷಗಳ ಮೇಲೆ, 1990ರ ದಶಕದಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಆಸ್ಪತ್ರೆಯವರೂ ಸೇರಿ ಆ ಪುಸ್ತಕಗಳನ್ನು ಹಿಡಿದು ಸುತ್ತಮುತ್ತಲ ಬೀದಿಗಳಲ್ಲಿ ಮನೆ ಮನೆ ವಿಚಾರಿಸಿದರು. ಅಲ್ಲಿ ಹುಟ್ಟಿ ಅಲ್ಲೇ ಬಾಳುತ್ತಿದ್ದ 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಸಂಗತಿ ಇದು: ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕಿಲೋ ಮೀರಿ ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ನಡುವಯಸ್ಸಿನ ಕಾಯಿಲೆಯ ಬೇರು ತೊಟ್ಟಿಲಿಗಿಂತಲೂ ಹಿಂದಕ್ಕೆ, ಬಸಿರಿಗೆ ಹೋಗುತ್ತದೆ ಎಂಬುದು ನಮ್ಮ ಜನರ ಮೇಲೆಯೇ ಹೀಗೆ ತಿಳಿಯಿತು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಆ ಪುಸ್ತಕಗಳು ಬೇರೆ ಕಥೆ ಹೇಳಿದವು. ಗಿಡ್ಡವಾಗಿ, ಉದ್ದಕ್ಕೆ ಮೀರಿ ದುಂಡಗೆ ಹುಟ್ಟಿದವರಲ್ಲಿ, ತಾಯಿ ಸ್ಥೂಲಕಾಯದವಳಾಗಿದ್ದವರಲ್ಲಿ ಅದು ಹೆಚ್ಚಾಗಿತ್ತು. ಅತಿಕೃಶವೂ ಸಲ್ಲದು, ಅತಿಸ್ಥೂಲವೂ ಸಲ್ಲದು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನೇ ನೋಂದಾಯಿಸಿಕೊಂಡು ಇನ್ನೊಂದು ಅಧ್ಯಯನ ಹೂಡಿದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಂಡ ತಾಯಂದಿರ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗಾಗಲೇ ಉಳಿದ ಮಕ್ಕಳಿಗಿಂತ ಹೆಚ್ಚು ಕೊಬ್ಬು ತುಂಬಿಕೊಂಡಿದ್ದರು. ಪುಣೆಯ ಸುತ್ತಲ ಹಳ್ಳಿಗಳಲ್ಲಿ ಡಾ. ಚಿತ್ತರಂಜನ ಯಾಜ್ಞಿಕ್ ಅವರು ನಡೆಸಿದ ಅಧ್ಯಯನ ಇನ್ನೂ ಒಂದು ವಿಚಿತ್ರವನ್ನು ತೋರಿಸಿತು. ನಮ್ಮ ಕೂಸುಗಳು ಸರಾಸರಿ 2.7 ಕಿಲೋ ತೂಗಿದರೆ ಇಂಗ್ಲೆಂಡಿನ ಕೂಸುಗಳು 3.5 ಕಿಲೋ. ಆದರೆ ನಮ್ಮ ಕೂಸಿನಲ್ಲಿ ಕೊರತೆಯಾಗಿರುವುದು ಮಾಂಸಖಂಡ, ಕೊಬ್ಬು ಅಷ್ಟಾಗಿ ಕಡಿಮೆ ಇಲ್ಲ. ಅಂದರೆ ಮಂಡಿ ತೆರೆಯುವಾಗಲೇ ಗಿರಾಕಿ ಕಡಿಮೆ! ತೆಳ್ಳಗೆ ಕಾಣುವ ನಮ್ಮವರಿಗೂ ಸಕ್ಕರೆ ಕಾಯಿಲೆ, ಕೊಬ್ಬಿನ ಯಕೃತ್ತು ಬರುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ಹುಟ್ಟಿನ ತೂಕವನ್ನು ಯಾರೂ ಹಿಂದಕ್ಕೆ ಹೋಗಿ ತಿದ್ದಲಾರರು. ತಿದ್ದಬಹುದಾದದ್ದು ಹುಟ್ಟಿದ ಮೇಲೆ ಸುಮಾರು ಇಪ್ಪತ್ತು ವರ್ಷಗಳ ಕಾಲ. ಅದರಲ್ಲಿ ಮಾಂಸಖಂಡ, ಮೂಳೆ ಕಟ್ಟಿಕೊಳ್ಳುತ್ತವೆ. ಓಡುವ, ಹಾರುವ, ಏರುವ ಮಗುವಿನ ಮೈಗೂ ಕುಳಿತ ಮಗುವಿನ ಮೈಗೂ ವ್ಯತ್ಯಾಸ ಬೀಳುವುದು ಆಗ.

ಆ ವ್ಯತ್ಯಾಸ ದೊಡ್ಡವರಾದ ಮೇಲೂ ಉಳಿಯುತ್ತದೆಯೇ? ಮನುಷ್ಯರನ್ನು ನಲವತ್ತು ವರ್ಷ ಹಿಂಬಾಲಿಸುವುದು ಕಷ್ಟವಾದ್ದರಿಂದ ವಿಜ್ಞಾನಿಗಳು ಇಲಿಗಳ ಮೊರೆ ಹೊಕ್ಕರು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಎಳೆಯ ಇಲಿಗಳಿಗೆ ಜಿಡ್ಡಿನ ಆಹಾರ ಕೊಟ್ಟು, ಕೆಲವಕ್ಕೆ ಮಾತ್ರ ಓಡಲು ಚಕ್ರ ಇಟ್ಟರು. ಕೆಲ ಕಾಲದ ಮೇಲೆ ಚಕ್ರ ತೆಗೆದರು, ಜಿಡ್ಡು ಮುಂದುವರಿಯಿತು. ಬಾಲ್ಯದಲ್ಲಿ ಓಡಿದ ಇಲಿಗಳೂ ಕೊನೆಗೆ ದಪ್ಪಗಾದವು, ಅದರಲ್ಲಿ ರಿಯಾಯಿತಿ ಸಿಗಲಿಲ್ಲ. ಆದರೆ ಅವುಗಳ ಮೂಳೆಯ ಮಜ್ಜೆಯಲ್ಲಿ ಉರಿಯೂತಕ್ಕೆ ಸಂಬಂಧಿಸಿದ ವಂಶವಾಹಿಗಳು ತಗ್ಗಿಯೇ ಇದ್ದವು. ಓಡಿ ನಿಲ್ಲಿಸಿ ಬಹಳ ದಿನಗಳಾದ ಮೇಲೂ ಮೂಳೆ ಆ ಓಟವನ್ನು ಮರೆತಿರಲಿಲ್ಲ ಎಂದು ಅವರು ಬರೆದರು.

ಇದನ್ನು ಓದಿ ನಾವು ಹಿಗ್ಗಿದೆವು. ಆಮೇಲೆ ಇನ್ನೊಂದು ಪ್ರಯೋಗ ನಮ್ಮ ಹಿಗ್ಗನ್ನು ತಗ್ಗಿಸಿತು. ಅಮೆರಿಕದ ಮಿಸ್ಸೌರಿಯಲ್ಲಿ, ಹೊಟ್ಟೆ ತುಂಬಿದ್ದೇ ತಿಳಿಯದ ಒಂದು ಜಾತಿಯ ಇಲಿಗಳಿವೆ. ಎಷ್ಟು ಕೊಟ್ಟರೂ ತಿನ್ನುತ್ತವೆ, ಬೆಳೆದಂತೆ ಯಕೃತ್ತು ಕೊಬ್ಬಿನಿಂದ ತುಂಬುತ್ತದೆ. (ಇಂಥ ಮನುಷ್ಯರೂ ಮದುವೆ ಮನೆಗಳಲ್ಲಿ ಕಾಣಸಿಗುತ್ತಾರೆ.) ಇವುಗಳಿಗೆ ಎಳವೆಯಿಂದಲೇ ಹದಿನಾರು ವಾರ ಚಕ್ರ ಓಡಲು ಬಿಟ್ಟಾಗ ಯಕೃತ್ತು ಶುಭ್ರವಾಗಿಯೇ ಉಳಿಯಿತು. ಆದರೆ 2008ರ ಅವರ ವರದಿಯಂತೆ, ಚಕ್ರಕ್ಕೆ ಬೀಗ ಹಾಕಿದ ಒಂದೇ ವಾರದಲ್ಲಿ ಯಕೃತ್ತು ಕೊಬ್ಬು ತಯಾರಿಸುವ ಕಡೆಗೆ ತಿರುಗಲಾರಂಭಿಸಿತು. ಹದಿನಾರು ವಾರದ ದುಡಿಮೆ, ಏಳು ದಿನದ ಸೋಮಾರಿತನ!

ಎರಡನ್ನೂ ಜೊತೆಗಿಟ್ಟು ನೋಡಿದರೆ ನಮಗೆ ತೋರುವುದು ಇಷ್ಟು. ಮೂಳೆ, ಮಾಂಸಖಂಡಗಳ ಕಟ್ಟಡ ಬಾಲ್ಯದಲ್ಲಿ ಎದ್ದರೆ ಅದರ ಒಂದು ಪಾಲು ಉಳಿಯುತ್ತದೆ. ಯಕೃತ್ತಿನ ಕೊಬ್ಬಿನ ಲೆಕ್ಕವಾದರೋ ದಿನಚರಿ ಪುಸ್ತಕದಂತೆ, ನಿನ್ನೆ ಮೊನ್ನೆಯದನ್ನೇ ಹೆಚ್ಚು ನೋಡುತ್ತದೆ. ಇಲಿಯ ಮಾತನ್ನು ಮನುಷ್ಯರಿಗೆ ಹಾಗೆಯೇ ಹೊರಿಸಬಾರದೆಂಬುದೂ ನಿಜ.

ಮನುಷ್ಯರ ಸಾಕ್ಷ್ಯವೂ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಸುತ್ತ 1991-92ರಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಬಸಿರಿನಿಂದ ಇಂದಿನವರೆಗೂ ಹಿಂಬಾಲಿಸುತ್ತಿದ್ದಾರೆ. ಹನ್ನೆರಡು, ಹದಿನಾಲ್ಕನೇ ವಯಸ್ಸಿನಲ್ಲಿ ಆ ಮಕ್ಕಳ ಸೊಂಟಕ್ಕೆ ಚಲನೆ ಅಳೆಯುವ ಸಣ್ಣ ಯಂತ್ರ ಕಟ್ಟಿದರು. ಹದಿನೇಳು ಹದಿನೆಂಟರಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿದರು. ಎಳವೆಯಲ್ಲಿ ಹೆಚ್ಚು ಓಡಾಡಿದವರಲ್ಲಿ ಕೊಬ್ಬಿನ ಯಕೃತ್ತು ಕಡಿಮೆ ಎಂದು 2016ರಲ್ಲಿ ವರದಿಯಾಯಿತು. ಆಟವಾಡುವ ಮಕ್ಕಳ ಮನೆಯಲ್ಲಿ ಊಟವೂ ಚೆನ್ನಾಗಿರಬಹುದು, ಆದ್ದರಿಂದ ಪೂರ್ತಿ ಯಶಸ್ಸನ್ನು ಆಟಕ್ಕೇ ಕೊಡುವುದು ನ್ಯಾಯವಲ್ಲ. ಆದರೂ ನಮ್ಮನ್ನು ಹೆಚ್ಚು ಬೆಚ್ಚಿಸಿದ್ದು ಅದೇ ಮಕ್ಕಳ ಮುಂದಿನ ಲೆಕ್ಕ. ಹದಿನೆಂಟರಲ್ಲಿ ನೂರಕ್ಕೆ ಎರಡು ಮೂರು ಮಂದಿಯಲ್ಲಿ ಕಂಡ ಈ ತೊಂದರೆ ಇಪ್ಪತ್ತನಾಲ್ಕಕ್ಕೆ ಹೆಚ್ಚು ಸೂಕ್ಷ್ಮವಾದ ಬೇರೆ ಯಂತ್ರದಲ್ಲಿ ನೋಡಿದಾಗ ಐವರಲ್ಲಿ ಒಬ್ಬರಿಗೆ ಇತ್ತು. ಯಂತ್ರದ ವ್ಯತ್ಯಾಸ ಕಳೆದರೂ, ಶಾಲೆ ಬಿಟ್ಟು ಕುರ್ಚಿ ಹಿಡಿದ ಆ ಆರೇಳು ವರ್ಷ ಸಾಮಾನ್ಯವಾದದ್ದಲ್ಲ.

ಅಮೆರಿಕದ ಹಾರ್ವರ್ಡ್ ಕಾಲೇಜಿಗೆ 1916ರಿಂದ 1950ರವರೆಗೆ ಸೇರಿದ್ದ ಹದಿನಾರು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಡಾ. ರಾಲ್ಫ್ ಪ್ಯಾಫೆನ್‌ಬರ್ಗರ್ ನಡೆಸಿದ ಪ್ರಸಿದ್ಧ ಅಧ್ಯಯನವೂ ಇದಕ್ಕೆ ಒಂದು ಎಚ್ಚರಿಕೆ. ಕಾಲೇಜಿನಲ್ಲಿ ಆಟದ ವೀರರಾಗಿದ್ದು ಆಮೇಲೆ ಕುಳಿತುಬಿಟ್ಟವರಿಗೆ ಹೃದಯಾಘಾತದಿಂದ ರಕ್ಷಣೆ ದೊರೆಯಲಿಲ್ಲ. ಕಾಲೇಜಿನಲ್ಲಿ ಆಡದೆ ಆಮೇಲೆ ಮೈ ದಂಡಿಸಿದವರಿಗೆ ದೊರೆಯಿತು. ಹಾಗಾದರೆ ಬಾಲ್ಯದ ವ್ಯಾಯಾಮ ವ್ಯರ್ಥವೇ? ಅಲ್ಲ. ಮೂಳೆ, ಮಾಂಸಗಳ ಬಂಡವಾಳದ ಜೊತೆಗೆ ಅದು ಕೊಡುವ ಇನ್ನೊಂದು ಆಸ್ತಿ ಅಭ್ಯಾಸ. ಹತ್ತನೇ ವಯಸ್ಸಿನಲ್ಲಿ ಓಡಿದ ಕಾಲು ನಲವತ್ತರಲ್ಲಿ ನಡೆಯಲು ನಾಚುವುದಿಲ್ಲ. ಎಂದೂ ಓಡದವನಿಗೆ ನಲವತ್ತರಲ್ಲಿ ಬೀದಿಗಿಳಿಯುವುದೇ ದೊಡ್ಡ ಮುಜುಗರ, ನಮ್ಮ ತೆಂಗಿನಕಾಯಿ ವ್ಯಾಪಾರಸ್ಥರೇ ಅದಕ್ಕೆ ಸಾಕ್ಷಿ.

ಅವರ ತಂದೆ ಎಪ್ಪತ್ತರ ಮೇಲಿನವರು. ಇಂದಿಗೂ ತೋಟಕ್ಕೆ ನಡೆದೇ ಹೋಗುತ್ತಾರೆ. ಈ ಸೀಮೆಯ ಹಿರಿಯರು ಕಪಿಲೆ ಹೊಡೆದವರ ಮಕ್ಕಳು. ಕೊಯಮತ್ತೂರು ಸೀಮೆಯ ಆಳವಾದ ಬಾವಿಗಳಿಂದ ಎತ್ತು ಕಟ್ಟಿ, ಚರ್ಮದ ಬಾನೆಯಲ್ಲಿ ನೀರೆತ್ತುವಾಗ, ಎತ್ತು ಇಳಿಜಾರಿನಲ್ಲಿ ಇಳಿಯುತ್ತಿದ್ದಂತೆ ಆಳು ಹಗ್ಗದ ಮೇಲೆ ಕುಳಿತು ಭಾರ ಹಾಕುವುದು, ಮತ್ತೆ ಎತ್ತನ್ನು ಹಿಮ್ಮೆಟ್ಟಿಸಿ ಏರು ಹತ್ತುವುದು. ಬೆಳಗಿನ ಜಾವದಿಂದ ಇದೇ. 1932ರಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ ಬಂದು ಮಿಲ್ಲುಗಳು ತಿರುಗಿದವು, ಬಾವಿಗಳಿಗೆ ಮೋಟಾರು ಪಂಪು ಬಂತು. ಒಂದೊಂದಾಗಿ ಕಪಿಲೆಗಳು ನಿಂತವು. ಇಂದು ಮೊಬೈಲ್ ಫೋನಿನಿಂದಲೇ ಮೋಟಾರು ಚಾಲೂ ಮಾಡುವ ರೈತರು ನಮ್ಮಲ್ಲಿದ್ದಾರೆ, ಬಾವಿಯವರೆಗೂ ಹೋಗಬೇಕಾಗಿಲ್ಲ.

ನಾವು ಹಳೆಯ ಕಾಲವನ್ನು ಹೊಗಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಆ ಕಾಲದ ತಾಯಂದಿರು ಅರೆಹೊಟ್ಟೆಯಲ್ಲಿ ಕಳೆ ಕಿತ್ತು ಹೆತ್ತ ಕೂಸುಗಳ ತೂಕ ಏನಿತ್ತೆಂಬುದನ್ನು ಮೈಸೂರಿನ ಪುಸ್ತಕಗಳೇ ಹೇಳುತ್ತವೆ. ಹಾಗೆಯೇ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಾವು ವ್ಯಾಯಾಮ ಎನ್ನುವುದಿಲ್ಲ. ಬನಿಯನ್ ಕಂಪನಿಯಲ್ಲಿ ಬಗ್ಗಿ ಕುಳಿತು ನೂಲಿನ ಎಳೆ ಕತ್ತರಿಸುವ ಹುಡುಗನಿಗೆ ಮೈ ದಣಿಯುತ್ತದೆ, ಬೆಳೆಯುವುದಿಲ್ಲ. ಅದು ಕಾನೂನಿಗೂ ವಿರೋಧ, ಧರ್ಮಕ್ಕೂ ವಿರೋಧ. ಕಾಯಕದ ಹೆಸರು ಹೇಳಿ ಮಕ್ಕಳ ಆಟದ ಹೊತ್ತನ್ನು ಕಸಿದುಕೊಳ್ಳುವವರನ್ನೂ ನಾವು ಕಂಡಿದ್ದೇವೆ.

ಮಕ್ಕಳಿಗೆ ಬೇಕಾದದ್ದು ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಏರುವಂಥ ಚಟುವಟಿಕೆ. ಅದರಲ್ಲಿ ವಾರಕ್ಕೆ ಮೂರು ದಿನವಾದರೂ ಜೋರಾದ ಓಟ, ಮೂಳೆ ಸ್ನಾಯುಗಳಿಗೆ ಬಲ ಬೀಳುವ ಹಾರಾಟ, ಎಳೆದಾಟ. ಅರುವತ್ತು ನಿಮಿಷವೂ ಒಂದೇ ಸಲ ಆಗಬೇಕೆಂದಿಲ್ಲ. ಚಿನ್ನಿದಾಂಡು, ಲಗೋರಿ, ಕುಂಟೆಬಿಲ್ಲೆ, ಮರಕೋತಿ, ಕಬಡ್ಡಿ ಇವುಗಳಲ್ಲಿ ಯಾವುದಕ್ಕೂ ಕಾಸು ಬೇಡ. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನಲ್ಲಿ ನೆಗೆಯುವುದು ಮೂಳೆಗೆ ಎಷ್ಟು ಒಳ್ಳೆಯದೆಂಬುದನ್ನು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ! ಆದರೆ ಪ್ರಪಂಚದ 11ರಿಂದ 17 ವಯಸ್ಸಿನ ಮಕ್ಕಳಲ್ಲಿ 2016ರ ಲೆಕ್ಕದಂತೆ ನೂರಕ್ಕೆ 81 ಮಂದಿ ಇಷ್ಟೂ ಮಾಡುತ್ತಿರಲಿಲ್ಲ. ನಮ್ಮ ದೇಶದಲ್ಲಿ ಸುಮಾರು ಮುಕ್ಕಾಲು ಪಾಲು.

ಪೋತ್ತನೂರಿನ ಮಗುವಿನ ಒಂದು ದಿನವನ್ನು ನಾವು ಎಣಿಸಿ ನೋಡಿದೆವು. ಏಳೂವರೆಗೆ ಶಾಲೆಯ ವ್ಯಾನು ಮನೆ ಬಾಗಿಲಿಗೆ. ಶಾಲೆಯಲ್ಲಿ ವಾರಕ್ಕೆರಡು ಪಿ.ಟಿ. ಪಿರಿಯಡ್, ಪರೀಕ್ಷೆ ಹತ್ತಿರ ಬಂದರೆ ಅದು ಗಣಿತದವರ ಪಾಲು. ಸಂಜೆ ವ್ಯಾನು, ಒಂದು ಬೇಕರಿಯ ಪಪ್ಸು, ಟ್ಯೂಷನ್, ಊಟ, ಫೋನು, ನಿದ್ದೆ. ರೈಲ್ವೆ ಕಾಲೊನಿಯ ಕಡೆ ಬಯಲಿದೆ, ಮರದ ನೆರಳಿದೆ. ಸಂಜೆ ಅಲ್ಲಿ ನಡೆಯುತ್ತಿರುವವರು ಯಾರೆಂದು ನೋಡಿದರೆ ಸಕ್ಕರೆ ಕಾಯಿಲೆ ಬಂದ ಮೇಲೆ ವೈದ್ಯರು ಬೆದರಿಸಿ ಕಳಿಸಿದ ನಮ್ಮ ವಯಸ್ಸಿನವರು. ಮಕ್ಕಳು ಟ್ಯೂಷನ್ನಿನಲ್ಲಿ.

ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕಾಗಿದೆ. ಹತ್ತು ವರ್ಷದವರೆಗೆ ಹೇಗೋ ಓಡಾಡಿಕೊಂಡಿರುವ ಹುಡುಗಿ ದೊಡ್ಡವಳಾದಳೆಂದರೆ ಮರುದಿನದಿಂದ ಅಂಗಳದ ಆಟ ಬಂದ್. ನಮ್ಮ ಮನೆಗಳಲ್ಲಿ ಇದು ಮರ್ಯಾದೆಯ ಪ್ರಶ್ನೆಯೆಂದು ನಡೆದು ಬಂದಿದೆ. ಆದರೆ ಮೈಸೂರಿನ ಎರಡನೇ ಅಧ್ಯಯನವನ್ನು ಇನ್ನೊಮ್ಮೆ ನೆನೆಯಿರಿ. ಕುಳಿತು ಬೆಳೆದ ಹುಡುಗಿ ಇಪ್ಪತ್ತೈದರಲ್ಲಿ ಬಸುರಿಯಾದಾಗ ಸಕ್ಕರೆ ಕಾಣಿಸಿಕೊಂಡರೆ ಅದರ ಪರಿಣಾಮ ಅವಳ ಮೈಯೊಂದಕ್ಕೇ ಮುಗಿಯುವುದಿಲ್ಲ, ಹುಟ್ಟುವ ಕೂಸಿನ ಲೆಕ್ಕಕ್ಕೂ ಸೇರುತ್ತದೆ. ಹುಡುಗನ ಆಟಕ್ಕೆ ಒಂದು ತಲೆಮಾರಿನ ಬೆಲೆಯಾದರೆ ಹುಡುಗಿಯ ಆಟಕ್ಕೆ ಎರಡು ತಲೆಮಾರಿನ ಬೆಲೆ. ಅಂಗಳ ಒಲ್ಲೆವೆನ್ನುವವರು ಮಾಳಿಗೆಯ ಮೇಲೆ ಹಗ್ಗ ಜಿಗಿಯಲಾದರೂ ಬಿಡಲಿ. ಸೈಕಲ್ಲಿನಲ್ಲಿ ಶಾಲೆಗೆ ಕಳಿಸಲಿ.

'ಮಾರ್ಕು ಕಡಿಮೆಯಾದರೆ ನೀವು ಕೊಡುತ್ತೀರಾ' ಎಂದು ಒಬ್ಬ ತಾಯಿ ನಮ್ಮನ್ನು ಕೇಳಿದರು. ಆ ಪ್ರಶ್ನೆಯಲ್ಲಿ ಕೋಪವಿದ್ದರೂ ಹುರುಳಿದೆ, ಸೀಟಿಗಾಗಿ ಪಟ್ಟ ಪಾಡು ಅವರಿಗೇ ಗೊತ್ತು. ನಾವು ಕೇಳುವುದು ಟ್ಯೂಷನ್ ಬಿಡಿಸಿರೆಂದಲ್ಲ. ಐದರಿಂದ ಆರರವರೆಗೆ ಬಯಲು, ಆರೂವರೆಗೆ ಪುಸ್ತಕ. ಕೈಯಲ್ಲಿರುವ ಫೋನಿನ ಹೊತ್ತಿನಿಂದ ಆ ಒಂದು ಗಂಟೆ ಸುಲಭವಾಗಿ ಸಿಗುತ್ತದೆ.

ಊಟದ ವಿಷಯ ಇನ್ನೊಂದು ಪಾಠಕ್ಕೆ ಇರಲಿ. ನಾವು ಶಾಕಾಹಾರಿಗಳು, ನಮಗೇನೂ ಬಾರದು ಎಂಬ ಧೈರ್ಯ ಮಾತ್ರ ಬೇಡ. ಬಿಳಿ ಅನ್ನ, ಮೈದಾ ಪರೋಟಾ, ಸಕ್ಕರೆ ನೀರಿನ ಬಾಟಲಿ ಇವೆಲ್ಲವೂ ಶಾಕಾಹಾರವೇ. ಯಕೃತ್ತಿನಲ್ಲಿ ಕೊಬ್ಬಾಗುವುದರಲ್ಲಿ ಅವು ಯಾವುದಕ್ಕೂ ಹಿಂದೆ ಬೀಳುವುದಿಲ್ಲ. ದಾಸೋಹದಲ್ಲಿ ಎರಡನೇ ಸಲ ಪಾಯಸ ಬಡಿಸುವವರ ಕೈಯನ್ನು ನಾವೇ ತಡೆಯುವ ದಿನ ಬಂದಿದೆ.

ಇನ್ನು, ಬಾಲ್ಯ ಕಳೆದವರು ಏನು ಮಾಡಬೇಕು? ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ತೆಗೆದುಕೊಂಡು ನಡೆಸಿದ ಪ್ರಯೋಗದ ಫಲ 2006ರಲ್ಲಿ ಹೊರಬಂತು. ಸುಮಾರು ಮೂರು ವರ್ಷಗಳಲ್ಲಿ, ಏನೂ ಮಾಡದವರಲ್ಲಿ ನೂರಕ್ಕೆ 55 ಮಂದಿ ಸಕ್ಕರೆ ಕಾಯಿಲೆಗೆ ಬಿದ್ದರು. ದಿನಾ ಅರ್ಧ ಗಂಟೆಯಾದರೂ ಬಿರುಸಾಗಿ ನಡೆದು, ಊಟ ತಿದ್ದಿಕೊಂಡವರಲ್ಲಿ ನೂರಕ್ಕೆ 39 ಮಂದಿ. ವಿಶೇಷವೇನೆಂದರೆ ಅವರ ತೂಕ ಅಷ್ಟೇನೂ ಇಳಿದಿರಲಿಲ್ಲ. ಯಕೃತ್ತಿನದೂ ಇದೇ ಬಗೆ. ತೂಕ ಇಳಿಯದಿದ್ದರೂ ನಿತ್ಯದ ವ್ಯಾಯಾಮದಿಂದ ಅದರ ಕೊಬ್ಬು ಕರಗುತ್ತದೆ. ದಪ್ಪಗಿರುವವರು ಮೈತೂಕದಲ್ಲಿ ನೂರಕ್ಕೆ ಐದು ಪಾಲು ಇಳಿಸಿದರೆ ಕೊಬ್ಬು ಕಡಿಮೆಯಾಗುತ್ತದೆ, ಏಳರಿಂದ ಹತ್ತು ಪಾಲು ಇಳಿಸಿದರೆ ಉರಿಯೂತವೂ ಶಮನವಾಗುವ ಸಂಭವ ಹೆಚ್ಚು. ಎಂಬತ್ತು ಕಿಲೋ ಇರುವವರಿಗೆ ಅದು ಆರರಿಂದ ಎಂಟು ಕಿಲೋ. ಒಂದು ತಿಂಗಳಲ್ಲಿ ಅಲ್ಲ, ಒಂದು ವರ್ಷದಲ್ಲಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗೆ ದರ್ಜಿಯ ಟೇಪು ಸಾಕು. ಹೊಕ್ಕುಳಿನ ಮಟ್ಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ರಕ್ತದ ಸಕ್ಕರೆ, ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳಿರಿ. ತಮಿಳುನಾಡು ಸರ್ಕಾರ 2021ರ ಆಗಸ್ಟಿನಲ್ಲಿ ಆರಂಭಿಸಿದ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯವರು ಸಕ್ಕರೆ, ರಕ್ತದೊತ್ತಡ ನೋಡಲು ಮನೆ ಬಾಗಿಲಿಗೆ ಬಂದಾಗ, 'ನಮಗೇನೂ ಇಲ್ಲಮ್ಮಾ' ಎಂದು ಹಿಂದಕ್ಕೆ ಕಳಿಸಬೇಡಿರಿ. ಸ್ಕ್ಯಾನಿನಲ್ಲಿ ಕೊಬ್ಬು ಕಂಡವರು ಊರವರ ಬಾಯಿಗೆ ಹೆದರಿ ವರದಿಯನ್ನು ಮುಚ್ಚಿಡಬೇಡಿರಿ. ನಾರುಗಟ್ಟಿದೆಯೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆ ಬೇರೆಯೇ ಇದೆ, ಅದು ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸಲಿ. ಯಕೃತ್ತಿಗೆಂದು ಯಾರೋ ಕೊಟ್ಟ ಸೊಪ್ಪಿನ ಪುಡಿ, ಕಷಾಯಗಳನ್ನು ಅವರನ್ನು ಕೇಳದೆ ಕುಡಿಯುವುದೂ ಬೇಡ. ಅವುಗಳಿಂದಲೇ ಯಕೃತ್ತು ಕೆಟ್ಟವರಿದ್ದಾರೆ.

ನಮ್ಮ ವ್ಯಾಪಾರಸ್ಥರು ಬೀರುವಿನ ಬೀಗ ತೆಗೆದಿದ್ದಾರೆ. ಮಂಡಿಗೆ ಸ್ಕೂಟರ್ ಬಿಟ್ಟು ನಡೆದು ಹೋಗುವುದು ಮೊದಲ ವಾರ ಬಹಳ ಸಂಕೋಚವಾಯಿತಂತೆ. ದಾರಿಯಲ್ಲಿ ಕಂಡವರೆಲ್ಲ, 'ಗಾಡಿ ಕೆಟ್ಟಿತೇ ಅಣ್ಣಾ?' ಎಂದು ಕೇಳುತ್ತಿದ್ದರು. ಅವರ ಒಂಬತ್ತು ವರ್ಷದ ಮಗ ಈಗ ಸಂಜೆ ಐದಕ್ಕೆ ಬಯಲಿನಲ್ಲಿರುತ್ತಾನೆ, ಆರೂವರೆಗೆ ಟ್ಯೂಷನ್ನಿಗೆ ಹೋಗುತ್ತಾನೆ. ಮಾವನವರೂ ಟೇಪು ಹಿಡಿದು ತಮ್ಮ ಸುತ್ತಳತೆ ನೋಡಿಕೊಂಡರೆಂದು ಕೇಳಿದೆವು, ಎಷ್ಟು ಬಂತೆಂಬುದನ್ನು ಮಾತ್ರ ಹೇಳಲಿಲ್ಲ. ಅಳಿಯನ ಎರಡನೇ ಸ್ಕ್ಯಾನ್ ದೀಪಾವಳಿ ಕಳೆದ ಮೇಲೆ.